ದವಡೆಯೊಳಗೆ ಅಡಗಿದ ಹಲ್ಲು: ಮುಂದೆಯೋ, ಹಿಂದೆಯೋ?

ದೀಪದ ಮುಂದೆ ಕೈಬೆರಳುಗಳನ್ನು ಮಡಿಸಿ ಹಿಡಿದು ಗೋಡೆಯ ಮೇಲೆ ಜಿಂಕೆಯನ್ನೋ ನಾಯಿಯನ್ನೋ ಮೂಡಿಸುವ ಆಟ ಯಾರಿಗೆ ತಿಳಿಯದು? ಗೋಡೆಯ ಮೇಲೆ ಕಾಣುವುದು ಒಂದು ಜಿಂಕೆ. ದೀಪದ ಮುಂದೆ ಇರುವುದು ಎರಡು ಕೈಗಳು. ಅವುಗಳಲ್ಲಿ ಯಾವುದು ದೀಪಕ್ಕೆ ಹತ್ತಿರವಿದೆ, ಯಾವುದು ಗೋಡೆಗೆ ಹತ್ತಿರವಿದೆ ಎಂಬುದನ್ನು ಆ ನೆರಳು ಹೇಳಲಾರದು. ನೆರಳಿಗೆ ಉದ್ದವುಂಟು, ಅಗಲವುಂಟು. ಆಳವೆಂಬುದು ಮಾತ್ರ ಇಲ್ಲ. ಆಟದಲ್ಲಿ ಇದರಿಂದ ನಷ್ಟವೇನೂ ಇಲ್ಲ. ಆಳ ಕಳೆದುಹೋದುದರಿಂದಲೇ ಎರಡು ಕೈಗಳು ಕೂಡಿ ಒಂದು ಜಿಂಕೆಯಾದವು. ಆದರೆ ನೆರಳನ್ನು ನೋಡಿಕೊಂಡು ಚಾಕು ಹಿಡಿಯಬೇಕಾದ ವೈದ್ಯನಿಗೆ ಈ ಕೊರತೆ ಸಣ್ಣದಲ್ಲ. ಕ್ಷ-ಕಿರಣದ ಚಿತ್ರವೂ ಒಂದು ನೆರಳೇ ಆಗಿರುವುದೇ ಇದಕ್ಕೆ ಕಾರಣ.

ಈ ಮಾತು ನಮಗೆ ಪುಸ್ತಕದಿಂದ ತಿಳಿದಿತ್ತು. ಅದರ ತೂಕ ಎಷ್ಟೆಂಬುದು ಮನದಟ್ಟಾದುದು ನಮ್ಮ ಅಣ್ಣನ ಮಗಳ ಹಲ್ಲಿನ ಪ್ರಸಂಗದಲ್ಲಿ.

ಹುಡುಗಿಗೆ ಆಗ ಹದಿನಾಲ್ಕು ವರ್ಷ. ಮೇಲಿನ ಸಾಲಿನಲ್ಲಿ ಬಲಗಡೆಯ ಕೋರೆಹಲ್ಲು ಇನ್ನೂ ಹಾಲುಹಲ್ಲಾಗಿಯೇ ಉಳಿದಿತ್ತು. ಎಡಗಡೆ ದೊಡ್ಡ ಹಲ್ಲು ಬಂದು ಎರಡು ವರ್ಷವಾಗಿದ್ದರೂ ಬಲಗಡೆಯ ಹಾಲುಹಲ್ಲು ಅಲುಗಾಡಿರಲಿಲ್ಲ. ಮೊದಲು ತೋರಿಸಿದ ಒಂದು ಚಿಕಿತ್ಸಾಲಯದಲ್ಲಿ ಒಂದು ಚಿತ್ರ ತೆಗೆದರು. ಕೋರೆಹಲ್ಲು ದವಡೆಯ ಮೂಳೆಯೊಳಗೆ ಓರೆಯಾಗಿ ಮಲಗಿರುವುದೂ, ಅದರ ತುದಿ ಪಕ್ಕದ ಬಾಚಿಹಲ್ಲಿನ ಬೇರಿನ ಮೇಲೆ ಹಾಯ್ದಿರುವುದೂ ಸ್ಪಷ್ಟವಾಗಿ ಕಾಣುತ್ತಿದ್ದಿತು. "ತುಟಿಯ ಕಡೆಯಿಂದ ವಸಡನ್ನು ಬಿಡಿಸಿ ಹಲ್ಲನ್ನು ಹೊರಗೆಳೆದರಾಯಿತು" ಎಂದು ಹೇಳಿ ದಿನವನ್ನೂ ಗೊತ್ತುಮಾಡಿ ಕಳುಹಿಸಿದರು.

ಅಣ್ಣನಿಗೆ ಸಮಾಧಾನವಾಗಲಿಲ್ಲ. ಮತ್ತೊಬ್ಬ ದಂತವೈದ್ಯರ ಬಳಿಗೆ ಮಗಳನ್ನು ಕರೆದೊಯ್ದಾಗ ನಾವೂ ಜೊತೆಗಿದ್ದೆವು. ಆ ವೈದ್ಯೆ ಚಿತ್ರವನ್ನು ಬೆಳಕಿಗೆ ಹಿಡಿದು, ನಮ್ಮ ಕಡೆಗೆ ತಿರುಗಿ, "ಮೇಷ್ಟರೆ, ನೀವು ಭೌತಶಾಸ್ತ್ರ ಹೇಳಿಕೊಡುವವರಲ್ಲವೆ? ಈ ಕೋರೆಹಲ್ಲು ಬೇರಿನ ಮುಂದಿದೆಯೋ ಹಿಂದಿದೆಯೋ ಹೇಳಿ ನೋಡೋಣ" ಎಂದು ಕೇಳಿದರು.

"ಬೇರನ್ನು ಮುಚ್ಚಿಕೊಂಡು ಕಾಣುತ್ತಿದೆಯಲ್ಲ, ಮುಂದೆಯೇ ಇರಬೇಕು" ಎಂದೆವು.

ವೈದ್ಯೆ ನಕ್ಕರು. "ಇದು ಫೋಟೊ ಅಲ್ಲ, ನೆರಳು. ಮುಂದಿದ್ದರೂ ಹೀಗೆಯೇ ಕಾಣುತ್ತದೆ, ಹಿಂದಿದ್ದರೂ ಹೀಗೆಯೇ ಕಾಣುತ್ತದೆ. ಇನ್ನೊಂದು ಚಿತ್ರ ತೆಗೆಯದೆ ನಾನು ಏನನ್ನೂ ಹೇಳಲಾರೆ" ಎಂದರು.

ಹತ್ತು ವರ್ಷಗಳಿಂದ ತರಗತಿಯಲ್ಲಿ ನೆರಳಿನ ಪಾಠ ಹೇಳುತ್ತ ಬಂದ ನಾವು ತಲೆ ತಗ್ಗಿಸಬೇಕಾಯಿತು.

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಉತ್ತರವನ್ನು ಅನುಸರಿಸಿಯೇ ಶಸ್ತ್ರಕ್ರಿಯೆ ನಡೆಯಬೇಕು. ಹಲ್ಲು ತುಟಿಯ ಕಡೆಗಿದ್ದರೆ ಹೊರಗಿನಿಂದ ವಸಡನ್ನು ಬಿಡಿಸಬೇಕು. ಅಂಗುಳಿನ ಕಡೆಗಿದ್ದರೆ ಒಳಗಿನಿಂದ. ತಪ್ಪು ಕಡೆಯಿಂದ ಹೊರಟರೆ ವ್ಯರ್ಥವಾಗಿ ಮೂಳೆ ಕೊರೆಯಬೇಕಾಗುತ್ತದೆ. ನಡುವೆ ಇರುವ ಬಾಚಿಹಲ್ಲಿನ ಬೇರಿಗೆ ಪೆಟ್ಟು ಬೀಳಬಹುದು. ಹುಡುಕಿದ ಹಲ್ಲು ಸಿಕ್ಕದೆಯೂ ಹೋಗಬಹುದು.

ನೆರಳು ಹೇಗೆ ಮೂಡುತ್ತದೆ?

1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಗೆನ್ ಈ ಕಿರಣಗಳನ್ನು ಕಂಡುಹಿಡಿದರು. ಆ ವರ್ಷದ ಕೊನೆಯಲ್ಲಿ ಸುದ್ದಿ ಹೊರಬಿತ್ತು. ಮರುತಿಂಗಳೇ, ಎಂದರೆ 1896ರ ಜನವರಿಯಲ್ಲಿ, ಬ್ರೌನ್‌ಷ್ವೈಗ್ ನಗರದ ದಂತವೈದ್ಯ ಆಟೊ ವಾಲ್ಕಾಫ್ ತನ್ನ ಬಾಯಲ್ಲಿಯೇ ಛಾಯಾಗ್ರಹಣದ ಗಾಜಿನ ಫಲಕವನ್ನು ಇಟ್ಟುಕೊಂಡು ಹಲ್ಲುಗಳ ಚಿತ್ರ ತೆಗೆಸಿಕೊಂಡರು. ಅದಕ್ಕಾಗಿ ಅವರು 25 ನಿಮಿಷ ಅಲುಗಾಡದೆ ಇರಬೇಕಾಯಿತಂತೆ. ಇಂದು ಅದೇ ಕೆಲಸ ಒಂದು ಸೆಕೆಂಡಿನ ಅಲ್ಪಭಾಗದಲ್ಲಿ ಮುಗಿಯುತ್ತದೆ.

ಕ್ಷ-ಕಿರಣಗಳು ಬೆಳಕಿನಂತೆಯೇ ನೇರವಾದ ಗೆರೆಯಲ್ಲಿ ಸಾಗುತ್ತವೆ. ಆದರೆ ನಮ್ಮ ಕನ್ನಡಕದ ಮಸೂರ ಬೆಳಕನ್ನು ಬಾಗಿಸುವಂತೆ ಅವುಗಳನ್ನು ಬಾಗಿಸಿ ಒಂದೆಡೆ ಕೂಡಿಸುವುದು ಸುಲಭವಲ್ಲ. ಆದುದರಿಂದ ದಂತವೈದ್ಯರ ಯಂತ್ರದಲ್ಲಿ ಮಸೂರವಿಲ್ಲ. ಕೆನ್ನೆಯ ಹೊರಗೆ ಕ್ಷ-ಕಿರಣದ ನಳಿಗೆ. ಬಾಯೊಳಗೆ, ಹಲ್ಲಿನ ಹಿಂಬದಿಗೆ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಫಿಲ್ಮು. ಈಗ ಅನೇಕ ಕಡೆ ಫಿಲ್ಮಿನ ಬದಲು ವಿದ್ಯುನ್ಮಾನ ಫಲಕವನ್ನು ಇಡುತ್ತಾರೆ, ತತ್ತ್ವ ಒಂದೇ. ನಳಿಗೆಯೊಳಗಿನ ಒಂದು ಸಣ್ಣ ಚುಕ್ಕೆಯಿಂದ ಹೊರಟ ಕಿರಣಗಳು ತುಟಿ, ಮೂಳೆ, ಹಲ್ಲು, ಅಂಗುಳು ಇವನ್ನೆಲ್ಲ ಹಾಯ್ದು ಫಿಲ್ಮನ್ನು ಮುಟ್ಟುತ್ತವೆ. ಮೃದುವಾದ ಮಾಂಸ ಕಿರಣಗಳನ್ನು ಹೆಚ್ಚಾಗಿ ತಡೆಯದು. ಸುಣ್ಣದ ಅಂಶವುಳ್ಳ ಮೂಳೆ ಮತ್ತು ಹಲ್ಲು ತಡೆಯುತ್ತವೆ. ತಡೆದಲ್ಲಿ ಚಿತ್ರ ಬೆಳ್ಳಗೆ, ತಡೆಯದಲ್ಲಿ ಕಪ್ಪಗೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಒಂದೇ ಕಿರಣದ ಹಾದಿಯಲ್ಲಿ ಮೊದಲು ಬೇರು, ಅನಂತರ ಕೋರೆಹಲ್ಲು ಅಡ್ಡಬಂದರೆ ಎಷ್ಟು ಕಿರಣ ನಷ್ಟವಾಗುತ್ತದೆಯೋ, ಮೊದಲು ಕೋರೆಹಲ್ಲು ಅನಂತರ ಬೇರು ಅಡ್ಡಬಂದರೂ ಸುಮಾರಾಗಿ ಅಷ್ಟೇ ನಷ್ಟವಾಗುತ್ತದೆ. ಎರಡನ್ನು ಮೂರರಿಂದ ಗುಣಿಸಿದರೂ ಮೂರನ್ನು ಎರಡರಿಂದ ಗುಣಿಸಿದರೂ ಆರೇ ಬರುವಂತೆ ಇದು. ಫಿಲ್ಮಿಗೆ ಗೊತ್ತಾಗುವುದು ಕೊನೆಯ ಮೊತ್ತ ಮಾತ್ರ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸಾಲು ಅದಕ್ಕೆ ತಿಳಿಯದು. "ಮುಚ್ಚಿಕೊಂಡು ಕಾಣುತ್ತಿದೆ, ಆದುದರಿಂದ ಮುಂದಿದೆ" ಎಂಬ ನಮ್ಮ ತರ್ಕ ಕಣ್ಣಿನ ನೋಟಕ್ಕೆ ಸರಿ, ನೆರಳಿಗೆ ಸಲ್ಲದು.

ಪ್ರಯೋಗಶಾಲೆಯ ಎರಡು ಸೂಜಿಗಳು

ಹಾಗಾದರೆ ಕಳೆದುಹೋದ ಆಳವನ್ನು ಮರಳಿ ಪಡೆಯುವುದೆಂತು? ಉಪಾಯವನ್ನು ನಮ್ಮ ಕಾಲೇಜಿನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಬಲ್ಲೆವೆಂಬುದು ಮಾತ್ರ ಅವರಿಗೆ ತಿಳಿಯದು.

ನಿಮ್ನದರ್ಪಣದ ಅಥವಾ ಪೀನಮಸೂರದ ಸಂಗಮದೂರವನ್ನು ಅಳೆಯುವ ಪ್ರಯೋಗವನ್ನು ನೆನೆದುಕೊಳ್ಳಿ. ಒಂದು ಸೂಜಿಯ ತಲೆಕೆಳಗಾದ ಬಿಂಬ ಗಾಳಿಯಲ್ಲಿ ಎಲ್ಲಿ ಮೂಡಿದೆಯೆಂದು ಹುಡುಕಲು ಇನ್ನೊಂದು ಸೂಜಿಯನ್ನು ಹಿಂದೆ ಮುಂದೆ ಸರಿಸುತ್ತೇವೆ. ನೇರವಾಗಿ ನೋಡಿದಾಗ ಎರಡರ ತುದಿಗಳೂ ಕೂಡಿಕೊಂಡಂತೆ ಕಾಣುತ್ತವೆ. ಆದರೆ ಕಣ್ಣನ್ನು ಪಕ್ಕಕ್ಕೆ ಸರಿಸಿದೊಡನೆ ಅವು ಬೇರೆಯಾಗುತ್ತವೆ. ಕಣ್ಣನ್ನು ಬಲಕ್ಕೆ ಒಯ್ದರೆ ಯಾವುದು ದೂರದಲ್ಲಿದೆಯೋ ಅದು ಹತ್ತಿರದ್ದರ ಬಲಕ್ಕೆ ಸರಿದಂತೆ, ಎಂದರೆ ಕಣ್ಣಿನ ಜೊತೆಗೇ ಬಂದಂತೆ ಕಾಣುತ್ತದೆ. ಹತ್ತಿರದ್ದು ಹಿಂದಕ್ಕೆ ಉಳಿಯುತ್ತದೆ. ಎರಡೂ ಒಂದೇ ದೂರದಲ್ಲಿದ್ದರೆ ಕಣ್ಣನ್ನು ಎತ್ತ ಒಯ್ದರೂ ಅವು ಅಗಲುವುದಿಲ್ಲ. ಇದೇ ಪ್ಯಾರಲಾಕ್ಸ್. ನಮ್ಮ ಹಳೆಯ ಖಗೋಳಗ್ರಂಥಗಳಲ್ಲಿ ಇದಕ್ಕೆ 'ಲಂಬನ'ವೆಂಬ ಹೆಸರುಂಟು. ಗ್ರಹಣದ ಗಣಿತದಲ್ಲಿ ಚಂದ್ರನ ಸ್ಥಾನವನ್ನು ತಿದ್ದಲು ಅದನ್ನು ಬಳಸುತ್ತಿದ್ದರು.

ಕಣ್ಣಿನ ಸ್ಥಾನದಲ್ಲಿ ದೀಪವನ್ನು ಇಟ್ಟರೆ ಏನಾಗುವುದೆಂಬುದನ್ನು ವಾಚಕರು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಕತ್ತಲೆಯ ಕೋಣೆಯಲ್ಲಿ ಗೋಡೆಯಿಂದ 100 ಸೆಂಟಿಮೀಟರ್ ದೂರದಲ್ಲಿ ಮೊಬೈಲ್ ಫೋನಿನ ಪುಟ್ಟ ದೀಪವನ್ನು ಇಡಿ. ಒಂದು ಪೆನ್ಸಿಲನ್ನು ಗೋಡೆಯಿಂದ 30 ಸೆಂಟಿಮೀಟರ್ ದೂರದಲ್ಲಿ, ಮತ್ತೊಂದನ್ನು 10 ಸೆಂಟಿಮೀಟರ್ ದೂರದಲ್ಲಿ, ದೀಪದ ನೇರದಲ್ಲಿಯೇ ನಿಲ್ಲಿಸಿ. ಗೋಡೆಯ ಮೇಲೆ ಎರಡು ನೆರಳುಗಳೂ ಒಂದರ ಮೇಲೊಂದು ಬಿದ್ದು ಒಂದೇ ಆಗುತ್ತವೆ. ಈಗ ದೀಪವನ್ನು ಗೋಡೆಗೆ ಸಮಾಂತರವಾಗಿ 20 ಸೆಂಟಿಮೀಟರ್ ಬಲಕ್ಕೆ ಸರಿಸಿ. ಎರಡು ನೆರಳುಗಳೂ ಎಡಕ್ಕೆ ಓಡುತ್ತವೆ. ಆದರೆ ಸಮನಾಗಿ ಓಡುವುದಿಲ್ಲ. ದೀಪಕ್ಕೆ ಹತ್ತಿರವಾದ ಪೆನ್ಸಿಲಿನ ನೆರಳು ಸುಮಾರು 8.6 ಸೆಂಟಿಮೀಟರ್ ಓಡಿದರೆ, ಗೋಡೆಗೆ ಹತ್ತಿರವಾದುದರ ನೆರಳು ಕೇವಲ 2.2 ಸೆಂಟಿಮೀಟರ್ ಸರಿಯುತ್ತದೆ. ಸಮರೂಪ ತ್ರಿಕೋನಗಳ ಲೆಕ್ಕ ಬಲ್ಲವರು ಇದನ್ನು ತಾವೇ ಮಾಡಿ ನೋಡಬಹುದು: ದೀಪವು ಸರಿದ ದೂರವನ್ನು, ವಸ್ತುವಿನಿಂದ ಗೋಡೆಗಿರುವ ದೂರದಿಂದ ಗುಣಿಸಿ, ವಸ್ತುವಿನಿಂದ ದೀಪಕ್ಕಿರುವ ದೂರದಿಂದ ಭಾಗಿಸಬೇಕು.

ಈಗ ದೀಪದ ಹತ್ತಿರದ ಪೆನ್ಸಿಲಿನ ನೆರಳನ್ನೇ ಗುರುತಾಗಿ ಇಟ್ಟುಕೊಂಡು ಇನ್ನೊಂದನ್ನು ನೋಡಿ. ಗೋಡೆಯ ಹತ್ತಿರದ ಪೆನ್ಸಿಲಿನ ನೆರಳು ಅದರ ಬಲಕ್ಕೆ ಇದೆ. ದೀಪವೂ ಬಲಕ್ಕೇ ಸರಿದಿತ್ತು. ದೀಪಕ್ಕೆ ದೂರವಾದುದು ದೀಪದ ಜೊತೆಗೇ ಬಂದಂತಾಯಿತು. ಸೂಜಿಯ ಪ್ರಯೋಗದಲ್ಲಿ ಕಣ್ಣಿಗೆ ಕಂಡ ನಿಯಮವೇ ಇಲ್ಲಿಯೂ ನಡೆಯಿತೆಂದು ಬೇರೆ ಹೇಳಬೇಕಾಗಿಲ್ಲ.

ಕ್ಲಾರ್ಕ್ ತೋರಿದ ದಾರಿ

ಈ ನಿಯಮವನ್ನು ಹಲ್ಲಿಗೆ ಅನ್ವಯಿಸಿ ಬರೆದವರು ಚಾರ್ಲ್ಸ್ ಕ್ಲಾರ್ಕ್. ಹೊರಬಾರದ ಹಲ್ಲುಗಳು ಪಕ್ಕದ ಹಲ್ಲುಗಳ ಮುಂದಿವೆಯೋ ಹಿಂದಿವೆಯೋ ಎಂಬುದನ್ನು ಕ್ಷ-ಕಿರಣದ ಫಿಲ್ಮುಗಳಿಂದ ತಿಳಿಯುವ ಕ್ರಮವನ್ನು ಅವರು 1910ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನ ಪತ್ರಿಕೆಯಲ್ಲಿ ಕೆಲವೇ ಪುಟಗಳಲ್ಲಿ ವಿವರಿಸಿದರು. ಒಂದು ಶತಮಾನ ಕಳೆದರೂ ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ಕಲಿಯುತ್ತಾರೆ.

ಕ್ರಮ ಅತಿ ಸರಳ. ಮೊದಲು ಒಂದು ಚಿತ್ರ ತೆಗೆಯುವುದು. ಅನಂತರ ರೋಗಿಯ ತಲೆಯನ್ನು ಅಲುಗಿಸದೆ, ನಳಿಗೆಯನ್ನು ಮಾತ್ರ ಹಲ್ಲಿನ ಸಾಲಿನ ಉದ್ದಕ್ಕೆ ಸ್ವಲ್ಪ ಪಕ್ಕಕ್ಕೆ ಸರಿಸಿ ಅದೇ ಸ್ಥಳದ ಎರಡನೆಯ ಚಿತ್ರ ತೆಗೆಯುವುದು. ಬಳಿಕ ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಗೊತ್ತಿರುವ ಹಲ್ಲಿನ ಬೇರಿಗೆ ಹೋಲಿಸಿದರೆ ಅಡಗಿದ ವಸ್ತು ಎತ್ತ ಸರಿಯಿತೆಂದು ನೋಡುವುದು.

ಒಂದು ಲೆಕ್ಕ ಮಾಡೋಣ. ನಳಿಗೆಯ ಚುಕ್ಕೆಯಿಂದ ಫಿಲ್ಮಿಗೆ 300 ಮಿಲಿಮೀಟರ್ ದೂರವಿರಲಿ. ಬಾಚಿಹಲ್ಲಿನ ಬೇರು ಫಿಲ್ಮಿನಿಂದ 8 ಮಿಲಿಮೀಟರ್ ದೂರದಲ್ಲಿರಲಿ. ಅಡಗಿದ ಹಲ್ಲು ತುಟಿಯ ಕಡೆಗಿದ್ದರೆ ಅದು ಫಿಲ್ಮಿನಿಂದ 12 ಮಿಲಿಮೀಟರ್, ಅಂಗುಳಿನ ಕಡೆಗಿದ್ದರೆ 3 ಮಿಲಿಮೀಟರ್ ದೂರದಲ್ಲಿದೆಯೆಂದು ಇಟ್ಟುಕೊಳ್ಳೋಣ. ನಳಿಗೆಯನ್ನು 60 ಮಿಲಿಮೀಟರ್ ಸರಿಸಿದರೆ ಬೇರಿನ ನೆರಳು ವಿರುದ್ಧದಿಕ್ಕಿಗೆ ಸುಮಾರು 1.6 ಮಿಲಿಮೀಟರ್ ಸರಿಯುತ್ತದೆ. ಅಡಗಿದ ಹಲ್ಲು ತುಟಿಯ ಕಡೆಯದಾದರೆ ಅದರ ನೆರಳು 2.5 ಮಿಲಿಮೀಟರ್ ಸರಿದು, ಬೇರನ್ನು ದಾಟಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಂಗುಳಿನ ಕಡೆಯದಾದರೆ 0.6 ಮಿಲಿಮೀಟರ್ ಮಾತ್ರ ಸರಿಯುವುದರಿಂದ ಬೇರಿಗೆ ಹೋಲಿಸಿದಾಗ ನಳಿಗೆಯ ಕಡೆಗೇ ಒಂದು ಮಿಲಿಮೀಟರ್ ಬಂದಂತೆ ಕಾಣುತ್ತದೆ. ಒಂದು ಮಿಲಿಮೀಟರ್ ಅತ್ಯಲ್ಪವೆಂದು ತೋರಬಹುದು. ಆದರೆ ಹಲ್ಲಿನ ಚಿತ್ರದಲ್ಲಿ ಅದು ಬರಿಗಣ್ಣಿಗೆ ಚೆನ್ನಾಗಿ ಕಾಣುವ ಅಂತರ.

ಬೇರಿಗೆ ಏಕೆ ಹೋಲಿಸಬೇಕು, ನೆರಳು ಸರಿದ ದೂರವನ್ನು ನೇರವಾಗಿ ಅಳೆಯಬಾರದೆ ಎಂದು ಕೇಳಬಹುದು. ಬಾಯೊಳಗಿನ ಫಿಲ್ಮನ್ನು ಎರಡು ಸಲವೂ ಕೂದಲೆಳೆಯಷ್ಟೂ ತಪ್ಪದಂತೆ ಒಂದೇ ಜಾಗದಲ್ಲಿ ಇಡುವುದು ಸಾಧ್ಯವಿಲ್ಲ. ಫಿಲ್ಮು ಎರಡು ಮಿಲಿಮೀಟರ್ ಪಕ್ಕಕ್ಕೆ ಜಾರಿದರೆ ಎಲ್ಲ ನೆರಳುಗಳೂ ಒಟ್ಟಾಗಿ ಜಾರಿದಂತೆ ಕಾಣುತ್ತವೆ. ಆದರೆ ಬೇರಿಗೂ ಅಡಗಿದ ಹಲ್ಲಿಗೂ ನಡುವಣ ಅಂತರ ಮಾತ್ರ ಈ ಜಾರುವಿಕೆಯಿಂದ ಕೆಡುವುದಿಲ್ಲ. ಎಲ್ಲಿದೆಯೆಂದು ಗೊತ್ತಿರುವ ಬೇರನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು, ಗೊತ್ತಿಲ್ಲದ ಹಲ್ಲಿನ ಸ್ಥಾನವನ್ನು ಅದರಿಂದ ಕೇಳುವುದೇ ಈ ಉಪಾಯದ ತಿರುಳು.

ನೆನಪಿಗಾಗಿ ನಾವು ನಮ್ಮ ವಿದ್ಯಾರ್ಥಿಗಳಿಗೆ ಈ ಮಾತನ್ನು ಹೇಳಿಕೊಡುತ್ತೇವೆ: ಒಳಗಿನದು ಒಡನೆ, ಹೊರಗಿನದು ಹಿಂದಕ್ಕೆ. ಒಳಗೆ, ಎಂದರೆ ಅಂಗುಳಿನ ಅಥವಾ ನಾಲಗೆಯ ಕಡೆ ಇರುವುದು ನಳಿಗೆಯೊಡನೆ ಸರಿಯುತ್ತದೆ. ಹೊರಗೆ, ಎಂದರೆ ತುಟಿಯ ಅಥವಾ ಕೆನ್ನೆಯ ಕಡೆ ಇರುವುದು ಅದಕ್ಕೆ ಹಿಮ್ಮುಖವಾಗಿ ಸರಿಯುತ್ತದೆ. ಎತ್ತಲೂ ಸರಿಯದಿದ್ದರೆ ಅದು ಬೇರಿನಷ್ಟೇ ಆಳದಲ್ಲಿದೆಯೆಂದು ತಿಳಿಯಬೇಕು.

ಆ ದಿನ ವೈದ್ಯೆ ಮಾಡಿದುದೂ ಇಷ್ಟೆ. ನಳಿಗೆಯನ್ನು ಕಿವಿಯ ಕಡೆಗೆ ಸರಿಸಿ ಎರಡನೆಯ ಚಿತ್ರ ತೆಗೆದರು. ಮೊದಲ ಚಿತ್ರದಲ್ಲಿ ಬಾಚಿಹಲ್ಲಿನ ಬೇರನ್ನು ಪೂರ್ತಿಯಾಗಿ ಮುಚ್ಚಿದ್ದ ಕೋರೆಹಲ್ಲಿನ ತುದಿ ಎರಡನೆಯದರಲ್ಲಿ ಅರ್ಧ ಹೊರಗೆ ಬಂದಿತ್ತು. ಯಾವ ಕಡೆಗೆ? ಕಿವಿಯ ಕಡೆಗೆ.

"ಒಡನೆ ಬಂತು" ಎಂದೆವು.

"ಅಂದರೆ ಅಂಗುಳಿನ ಕಡೆ ಇದೆ. ಹೊರಗಿನಿಂದ ಕೊಯ್ದಿದ್ದರೆ ಇದಕ್ಕೂ ಕತ್ತಿಗೂ ನಡುವೆ ಬಾಚಿಹಲ್ಲಿನ ಬೇರು ಅಡ್ಡ ಇರುತ್ತಿತ್ತು" ಎಂದರು ವೈದ್ಯೆ. ಅಣ್ಣ ಮಾತನಾಡಲಿಲ್ಲ. ಹುಡುಗಿ ಮಾತ್ರ, "ಚಿಕ್ಕಪ್ಪ, ನೀವು ಮುಂದೆ ಅಂದಿರಲ್ಲ!" ಎಂದು ನಮ್ಮನ್ನು ನೋಡಿ ನಕ್ಕಳು.

ಕೋರೆಹಲ್ಲೇ ಏಕೆ?

ಮೇಲಿನ ಕೋರೆಹಲ್ಲು ಹುಟ್ಟುವುದು ದವಡೆಯಲ್ಲಿ ಬಹಳ ಎತ್ತರದಲ್ಲಿ, ಮೂಗಿನ ಬದಿಯಲ್ಲಿ. ಅಲ್ಲಿಂದ ಕೆಳಗಿಳಿಯಲು ಅದು ಉದ್ದವಾದ ದಾರಿಯನ್ನು ಸವೆಸಬೇಕು. ಪಕ್ಕದ ಬಾಚಿಹಲ್ಲುಗಳು ಮೊದಲೇ ಬಂದು ಕುಳಿತಿರುತ್ತವೆ. ಸಾಮಾನ್ಯವಾಗಿ 11ರಿಂದ 13 ವರ್ಷದೊಳಗೆ ಅದು ಹೊರಬರುತ್ತದೆ. ಸುಮಾರು ನೂರಕ್ಕೆ ಇಬ್ಬರಲ್ಲಿ ಅದು ದಾರಿ ತಪ್ಪಿ ಮೂಳೆಯೊಳಗೆ ಉಳಿದುಬಿಡುತ್ತದೆ. ಬುದ್ಧಿಹಲ್ಲನ್ನು ಬಿಟ್ಟರೆ ಹೀಗೆ ಒಳಗೆ ಸಿಕ್ಕಿಕೊಳ್ಳುವ ಹಲ್ಲುಗಳಲ್ಲಿ ಇದೇ ಮುಖ್ಯವಾದುದು. ಸುಮ್ಮನೆ ಬಿಟ್ಟರೆ ಕೆಲವರಲ್ಲಿ ಅದು ಪಕ್ಕದ ಬಾಚಿಹಲ್ಲಿನ ಬೇರನ್ನು ಸದ್ದಿಲ್ಲದೆ ಕರಗಿಸಬಲ್ಲದು. ನೋವಿಲ್ಲದ ಕಾರಣ ಅದು ಬೇಗನೆ ಗೊತ್ತಾಗುವುದೂ ಇಲ್ಲ. ಒಂಬತ್ತು ಹತ್ತು ವರ್ಷದ ಮಕ್ಕಳ ಮೇಲ್ದವಡೆಯ ವಸಡನ್ನು ದಂತವೈದ್ಯರು ಬೆರಳಿನಿಂದ ಒತ್ತಿ ನೋಡುವುದು ಇದಕ್ಕಾಗಿಯೇ. ಇಳಿದು ಬರುತ್ತಿರುವ ಕೋರೆಹಲ್ಲಿನ ಉಬ್ಬು ಎರಡು ಕಡೆಯೂ ಕೈಗೆ ಸಿಕ್ಕಬೇಕು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಕ್ಕದಿದ್ದರೆ ಎಚ್ಚರ ವಹಿಸಬೇಕು. ಬೇಗನೆ ತಿಳಿದರೆ ಹಾಲುಕೋರೆಯನ್ನು ಕಿತ್ತು ದಾರಿ ಬಿಟ್ಟುಕೊಟ್ಟಷ್ಟರಿಂದಲೇ ಒಳಗಿನ ಹಲ್ಲು ತಾನಾಗಿ ನೇರವಾಗುವುದುಂಟು.

ಎರಡು ಬಾಚಿಹಲ್ಲುಗಳ ನಡುವೆ ಲೆಕ್ಕಕ್ಕೆ ಮೀರಿ ಹುಟ್ಟುವ ಪುಟ್ಟ ಹಲ್ಲು, ಮುರಿದು ಉಳಿದ ಬೇರಿನ ಚೂರು, ಇವನ್ನು ಹುಡುಕಲೂ ಇದೇ ಉಪಾಯ. ನಳಿಗೆಯನ್ನು ಪಕ್ಕಕ್ಕೇ ಸರಿಸಬೇಕೆಂಬ ನಿಯಮವೂ ಇಲ್ಲ. ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆ ಹಾಯ್ದಿದೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶವನ್ನು ಕೊಡುವ ನರ ಅದರಲ್ಲಿದೆ. ಬುದ್ಧಿಹಲ್ಲಿನ ಬೇರು ಈ ಕಾಲುವೆಯ ಮೇಲೆ ಬಿದ್ದಂತೆ ಚಿತ್ರದಲ್ಲಿ ಕಂಡರೆ, ಕಾಲುವೆ ಬೇರಿನ ನಾಲಗೆಯ ಕಡೆಗಿದೆಯೋ ಕೆನ್ನೆಯ ಕಡೆಗಿದೆಯೋ ತಿಳಿಯಬೇಕು. ನರಕ್ಕೆ ಪೆಟ್ಟಾದರೆ ತುಟಿ ಜೋಮುಹಿಡಿದು ಉಳಿಯಬಹುದು. ಇಲ್ಲಿ ನಳಿಗೆಯನ್ನು ಕೆಳಕ್ಕೆ ಇಳಿಸಿ ಎರಡನೆಯ ಚಿತ್ರ ತೆಗೆಯುತ್ತಾರೆ. ಬೇರಿಗೆ ಹೋಲಿಸಿದರೆ ಕಾಲುವೆಯ ನೆರಳು ಕೆಳಕ್ಕೆ ಬಂದರೆ ಅದು ನಾಲಗೆಯ ಕಡೆ. ಮೇಲಕ್ಕೆ ಹೋದರೆ ಕೆನ್ನೆಯ ಕಡೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ರಿಚರ್ಡ್ಸ್ 1950ರ ದಶಕದಲ್ಲಿ ಈ ನಿಯಮವನ್ನು ವಿಸ್ತರಿಸಿ ಬರೆದರು.

ಮತ್ತೊಂದು ದಾರಿಯೂ ಉಂಟು. ಸ್ವಲ್ಪ ಸರಿಸುವುದರ ಬದಲು ಪೂರ್ತಿ ಒಂದು ಲಂಬಕೋನದಷ್ಟು ಸರಿಸಿ ನೋಡುವುದು. ಮನೆಯ ನಕ್ಷೆಯಲ್ಲಿ ಮುಂಭಾಗದ ಚಿತ್ರವೊಂದು, ಮೇಲಿನಿಂದ ಕಂಡ ಚಿತ್ರವೊಂದು ಇರುವಂತೆ ಇದು. ರೋಗಿ ದೊಡ್ಡ ಫಿಲ್ಮೊಂದನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿಯುತ್ತಾನೆ. ಕಿರಣವನ್ನು ಗದ್ದದ ಕೆಳಗಿನಿಂದ ಮೇಲಕ್ಕೆ ಬಿಡುತ್ತಾರೆ. ನಾಲಗೆಯ ಕೆಳಗಣ ಲಾಲಾರಸದ ನಾಳದಲ್ಲಿ ಕಟ್ಟಿಕೊಂಡ ಕಲ್ಲು ಸಾಮಾನ್ಯ ಚಿತ್ರದಲ್ಲಿ ದವಡೆಯ ಮೂಳೆಯೊಳಗೇ ಇರುವಂತೆ ತೋರಬಹುದು. ಹೀಗೆ ಕೆಳಗಿನಿಂದ ತೆಗೆದ ಚಿತ್ರದಲ್ಲಿ ಅದು ಮೂಳೆಯಿಂದ ಹೊರಗೆ, ಬಾಯ ತಳದ ಮೃದುಭಾಗದಲ್ಲಿರುವುದು ಸ್ಪಷ್ಟವಾಗುತ್ತದೆ.

ಎರಡು ಸಾಕೆ, ನೂರಾರು ಬೇಕೆ?

ಎರಡು ಸ್ಥಾನಗಳಿಂದ ನೋಡಿದರೆ ಮುಂದೆ ಹಿಂದೆ ತಿಳಿಯುವುದಾದರೆ, ನೂರಾರು ಸ್ಥಾನಗಳಿಂದ ನೋಡಿದರೆ ಇನ್ನೇನು ತಿಳಿಯದು? ಈ ಪ್ರಶ್ನೆಯ ಉತ್ತರವೇ ಇಂದಿನ ಸಿ.ಟಿ. ಯಂತ್ರ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಲ್ಲಿ 1971ರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಹುಮಾನ ಬಂದಿತು. ದವಡೆಗಾಗಿಯೇ ಮಾಡಿದ ಶಂಕುಕಿರಣದ ಸಿ.ಟಿ. ಯಂತ್ರಗಳು 1990ರ ದಶಕದ ಕೊನೆಯಿಂದ ಬಳಕೆಗೆ ಬಂದವು. ನಳಿಗೆ ತಲೆಯ ಸುತ್ತ ಸುತ್ತುತ್ತ ನೂರಾರು ನೆರಳುಗಳನ್ನು ಹಿಡಿಯುತ್ತದೆ. ಗಣಕಯಂತ್ರ ಅವುಗಳಿಂದ ದವಡೆಯ ಪೂರ್ತಿ ಆಕಾರವನ್ನು ಲೆಕ್ಕಹಾಕಿ ನಿಲ್ಲಿಸುತ್ತದೆ. ಮುಂದೆಯೋ ಹಿಂದೆಯೋ ಎಂಬುದಷ್ಟೇ ಅಲ್ಲ, ಎಷ್ಟು ಮುಂದೆ, ಎಷ್ಟು ಓರೆ, ಪಕ್ಕದ ಬೇರು ಕರಗಿದೆಯೆ ಎಂಬುದೂ ಅದರಲ್ಲಿ ತಿಳಿಯುತ್ತದೆ. ಕ್ಲಾರ್ಕರ ಎರಡು ಚಿತ್ರಗಳು ಹೇಳಲಾರದ ಮಾತುಗಳಿವು.

ಹಾಗಾದರೆ ಎಲ್ಲರಿಗೂ ಈ ಯಂತ್ರದ ಪರೀಕ್ಷೆಯನ್ನೇ ಮಾಡಬಾರದೇಕೆ? ನೋಟಕ್ಕೆ ಒಂದು ಬೆಲೆಯುಂಟು. ಹಲ್ಲಿನ ಒಂದು ಸಣ್ಣ ಚಿತ್ರಕ್ಕೆ ದೇಹವು ಪಡೆಯುವ ವಿಕಿರಣ ಸಾಮಾನ್ಯವಾಗಿ ಕೆಲವೇ ಮೈಕ್ರೊಸೀವರ್ಟ್, ಶಂಕುಕಿರಣದ ಸಿ.ಟಿ.ಗೆ ಯಂತ್ರವನ್ನೂ ನೋಡುವ ಭಾಗದ ಗಾತ್ರವನ್ನೂ ಅನುಸರಿಸಿ ಹತ್ತಾರರಿಂದ ನೂರಾರು ಮೈಕ್ರೊಸೀವರ್ಟ್. ನೆಲ, ಗಾಳಿ, ಆಹಾರ, ಆಕಾಶ ಇವುಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೊಸೀವರ್ಟ್ ಹೇಗೂ ಬರುತ್ತದೆಯೆಂಬುದನ್ನು ನೆನೆದರೆ ಹೆದರಬೇಕಾದ ಕಾರಣವಿಲ್ಲ. ಆದರೂ ಬೆಳೆಯುವ ಮಕ್ಕಳ ದೇಹ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ. ಬೇಡದ ಚಿತ್ರವನ್ನು ತೆಗೆಯದಿರುವುದೇ ವಿವೇಕ. ಈ ವಿವೇಕವನ್ನು ಲೋಕ ಕಷ್ಟಪಟ್ಟು ಕಲಿತಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಎಡ್ಮಂಡ್ ಕೆಲ್ಸ್ 1896ರಿಂದಲೇ ರೋಗಿಗಳ ಹಲ್ಲಿನ ಚಿತ್ರ ತೆಗೆಯತೊಡಗಿದ ಅಗ್ರಗಾಮಿ. ಕಿರಣ ಸರಿಯಾಗಿದೆಯೆ ಎಂದು ನೋಡಲು ತನ್ನ ಕೈಯನ್ನೇ ನಳಿಗೆಯ ಮುಂದೆ ಹಿಡಿಯುತ್ತಿದ್ದ ಆತ ಕ್ಯಾನ್ಸರಿಗೆ ತುತ್ತಾಗಿ ಮೊದಲು ಬೆರಳುಗಳನ್ನೂ ಕೊನೆಗೆ ತೋಳನ್ನೂ ಕಳೆದುಕೊಂಡು, 1928ರಲ್ಲಿ ತೀರಿಕೊಂಡರು. ಭಾರತದಲ್ಲಿ ಹಲ್ಲಿನ ಕ್ಷ-ಕಿರಣ ಯಂತ್ರಗಳೂ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ಕಟ್ಟಳೆಗೆ ಒಳಪಟ್ಟಿವೆ.

ಆದುದರಿಂದ ವೈದ್ಯರು ಮೊದಲು ಬೆರಳಿನಿಂದ ನೋಡುತ್ತಾರೆ, ಅನಂತರ ಸಣ್ಣ ಚಿತ್ರ, ಅನುಮಾನವಿದ್ದರೆ ಎರಡನೆಯದು, ಅದರಿಂದಲೂ ತೀರ್ಮಾನವಾಗದಿದ್ದರೆ, ಅಥವಾ ಪಕ್ಕದ ಬೇರು ಕರಗಿದೆಯೆಂಬ ಶಂಕೆಯಿದ್ದರೆ ಮಾತ್ರ ದೊಡ್ಡ ಯಂತ್ರ. ಪ್ರಶ್ನೆ "ಮುಂದೆಯೋ ಹಿಂದೆಯೋ" ಎಂಬುದೊಂದೇ ಆದರೆ ಎರಡು ನೆರಳುಗಳೇ ಉತ್ತರ ಕೊಡಬಲ್ಲವು.

ನಮ್ಮ ಹುಡುಗಿಗೆ ಎರಡೇ ಸಾಕಾದವು. ಅಂಗುಳಿನ ಕಡೆಯಿಂದ ಚಿಕ್ಕ ಕಿಂಡಿ ತೆರೆದು, ಕೋರೆಹಲ್ಲಿನ ತಲೆಗೆ ಪುಟ್ಟ ಗುಂಡಿಯೊಂದನ್ನು ಅಂಟಿಸಿ, ಸಣ್ಣ ಸರಪಳಿಯಿಂದ ಹಲ್ಲಿನ ಸಾಲಿನ ತಂತಿಗೆ ಕಟ್ಟಿದರು. ಮೆಲ್ಲಮೆಲ್ಲನೆ ಎಳೆಯುತ್ತ ಒಂದೂವರೆ ವರ್ಷದಲ್ಲಿ ಹಲ್ಲು ತನ್ನ ಸ್ಥಾನಕ್ಕೆ ಬಂದು ಕುಳಿತಿತು. ಪಕ್ಕದ ಬಾಚಿಹಲ್ಲಿಗೆ ಯಾವ ಹಾನಿಯೂ ಆಗಲಿಲ್ಲ.

1838ರಲ್ಲಿ ಬೆಸೆಲ್ ಎಂಬ ಖಗೋಳಜ್ಞ ಭೂಮಿಯು ಸೂರ್ಯನ ಒಂದು ಬದಿಯಿಂದ ಮತ್ತೊಂದು ಬದಿಗೆ ಸರಿಯುವುದನ್ನೇ ಬಳಸಿಕೊಂಡು, ಹಂಸ ನಕ್ಷತ್ರಪುಂಜದ 61ನೆಯ ನಕ್ಷತ್ರದ ದೂರವನ್ನು ಅಳೆದರು. ಅದು ಸುಮಾರು 11 ಜ್ಯೋತಿರ್ವರ್ಷಗಳ ಮಾತು. ಇದು ಕೆಲವು ಮಿಲಿಮೀಟರಿನ ಮಾತು. ಎರಡಕ್ಕೂ ಆಧಾರ ಒಂದೇ ನಿಯಮ. ಮುಂದಿನ ಸಲ ಪ್ರಯೋಗಶಾಲೆಯಲ್ಲಿ ಎರಡು ಸೂಜಿಗಳ ನಡುವಣ ಪ್ಯಾರಲಾಕ್ಸನ್ನು ತೆಗೆಯಲು ಕುಳಿತಾಗ, ಅಂಕಗಳಿಗಾಗಿ ಮಾಡುವ ಬೇಸರದ ಕೆಲಸವೆಂದು ವಿದ್ಯಾರ್ಥಿಗಳು ಭಾವಿಸದಿರಲಿ. ಇದನ್ನು ಅವರಿಗೆ ಹೇಳುವ ಮೊದಲು ನಾವು ನಮಗೇ ಹೇಳಿಕೊಂಡಿದ್ದೇವೆ.